‘ಬ್ಯಾಕ್‌ಗ್ರೌಂಡ್ ಟಾಸ್ಕ್’ ಕನ್ನಡದಲ್ಲಿ ಏನು? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಿಂದ ಪಠ್ಯ ತೆಗೆದುಕೊಡುವ ಜಾಲತಾಣವೊಂದರ ಅನುವಾದ ನನ್ನ ತಲೆಗೆ ಬಿದ್ದಿದೆ. 400 ಪುಟದ ಪುಸ್ತಕ ಏರಿಸಿದರೆ ಅರ್ಧ ಗಂಟೆಯ ಕೆಲಸ. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ತಾಣಕ್ಕೂ ಓದುಗರಿಗೂ ನಡುವೆ ನಿಂತ ಎಂಜಿನ್‌ಎಕ್ಸ್ ಸರ್ವರ್ ಕೂಡ, ನಾವು ಬದಲಿಸದಿದ್ದರೆ, 60 ಸೆಕೆಂಡು ಉತ್ತರ ಬಾರದಿರುವಾಗ ಕೈಬಿಡುತ್ತದೆ. ಆದ್ದರಿಂದ ತಾಣ ತಕ್ಷಣ ಒಂದು ಸಂಖ್ಯೆ ಕೊಟ್ಟು ಕೆಲಸವನ್ನು ಕ್ಯೂಗೆ ಹಾಕುತ್ತದೆ, ಬೇರೊಂದು ಪ್ರೋಗ್ರಾಂ ಅದನ್ನು ಎತ್ತಿಕೊಂಡು ಮುಗಿಸುತ್ತದೆ. ಇದೇ ‘ಬ್ಯಾಕ್‌ಗ್ರೌಂಡ್ ಟಾಸ್ಕ್’.

‘ಹಿನ್ನೆಲೆ ಕಾರ್ಯ’, ‘ಸರದಿಯಲ್ಲಿದೆ’, ‘ನಿಲ್ಲಿಸು’, ‘ಮರುಯತ್ನ’ ಎಂದು ಬರೆದಿಟ್ಟಿದ್ದೇನೆ. ಗುಂಡಿಯಲ್ಲಿ ಜಾಗ ಕಡಿಮೆ. ಸರಿಯೇ?

*

ಸರಿಯಲ್ಲ. ಹಿನ್ನೆಲೆ ಕಾರ್ಯ, ಮರುಯತ್ನ ಎರಡೂ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ಕೊಟ್ಟ ರಿಯಾಯಿತಿ ಗುಂಡಿಗಳಿಗೆ ಸಲ್ಲುವುದಿಲ್ಲ. ಮನೆಗೆಲಸದಂತೆ ‘ಹಿನ್ನೆಲೆಗೆಲಸ’ ಎನ್ನಿ. ‘ಮರುಯತ್ನ’ಕ್ಕೆ ‘ಮತ್ತೆ ಮಾಡು’.

*

‘ಹಿನ್ನೆಲೆ ಗಾಯಕಿ’ಯನ್ನು ಇಷ್ಟು ವರ್ಷ ಕೇಳಿದ ಕಿವಿಗೆ ‘ಹಿನ್ನೆಲೆ ಕಾರ್ಯ’ ಮಾತ್ರ ಚುಚ್ಚಿತೇ? ಅಂದಹಾಗೆ ತಾವು ಧಾರಾಳವಾಗಿ ಬಳಸಿದ ‘ರಿಯಾಯಿತಿ’ ಅರಬ್ಬಿಯಿಂದ ಬಂದದ್ದು.

ಸರದಿ ಬೇಡ. ಧಾರವಾಡದ ಕಡೆ ರೇಷನ್ ಅಂಗಡಿಯ ಮುಂದೆ ನಾವು ನಿಲ್ಲುವುದು ಪಾಳಿಯಲ್ಲಿ. ‘ಪಾಳಿಯಲ್ಲಿದೆ’ ಎನ್ನಿ.

*

ಮೈಸೂರಿನವರು ಅದನ್ನು ಓದಿ, ಪುಸ್ತಕ ರಾತ್ರಿ ಪಾಳಿಗೆ ಹೋಗಿದೆ ಎಂದುಕೊಳ್ಳುತ್ತಾರೆ.

ಇಂಥ ತಾಣಗಳನ್ನು ಕಟ್ಟುವುದೇ ನನ್ನ ವೃತ್ತಿ. ಅರಿಸಮಾಸದಿಂದ ಯಾರ ಕಡತವೂ ಕೆಡುವುದಿಲ್ಲ. ‘ನಿಲ್ಲಿಸು’ ಎಂಬುದರಿಂದ ಕೆಡುತ್ತದೆ. ನಿಲ್ಲಿಸಿದ ಬಸ್ಸು ಮತ್ತೆ ಹೊರಡುತ್ತದೆ. ಇಲ್ಲಿ ಆ ಗುಂಡಿ ಒತ್ತಿದರೆ ಅದುವರೆಗೆ ಓದಿದ 200 ಪುಟವೂ ಹೋಯಿತು. ‘ರದ್ದುಮಾಡು’ ಎಂದಿದ್ದರೆ ಬೆರಳು ಒಂದು ಕ್ಷಣ ತಡೆಯುತ್ತದೆ.

ಕಾಯುತ್ತಿರುವುದಕ್ಕೂ ನಡೆಯುತ್ತಿರುವುದಕ್ಕೂ ಬೇರೆ ಬೇರೆ ಮಾತು ಬೇಕೇ ಬೇಕು. ನಾನಿದ್ದ ಒಂದು ಕಡೆ ಎರಡಕ್ಕೂ ‘ಪ್ರಗತಿಯಲ್ಲಿದೆ’ ಎಂದು ಹಾಕಿದ್ದರು. ಹತ್ತು ನಿಮಿಷ ಸೊನ್ನೆಯನ್ನೇ ನೋಡಿದವರು ಕೆಟ್ಟುಹೋಯಿತೆಂದು ಅದೇ ಕಡತವನ್ನು ಮೂರು ಸಲ ಏರಿಸಿದರು. ಸಾಲು ಇನ್ನೂ ಬೆಳೆಯಿತು. ಸಾಲಿನಿಂದ ಕೆಲಸ ಎತ್ತಿಕೊಳ್ಳುವ ಪ್ರೋಗ್ರಾಂ, ಅಂದರೆ ‘ವರ್ಕರ್’, ಅಲ್ಲಿ ‘ಕೆಲಸಗಾರ’ ಆಗಿತ್ತು. ಆ ಪ್ರೋಗ್ರಾಂ ಕುಸಿದಾಗಲೆಲ್ಲ ಪರದೆಯ ಮೇಲೆ ‘ಕೆಲಸಗಾರ ಸತ್ತಿದ್ದಾನೆ’ ಎಂದು ಬರುತ್ತಿತ್ತು. ಒಬ್ಬ ಹಿರಿಯರು ಫೋನ್ ಮಾಡಿ, ಪಾಪ, ಮನೆಯವರಿಗೆ ತಿಳಿಸಿದಿರಾ ಎಂದು ವಿಚಾರಿಸಿದರು.

‘ಸಾಲಿನಲ್ಲಿದೆ’, ‘ನಡೆಯುತ್ತಿದೆ’, ‘ಮುಗಿಯಿತು’, ‘ರದ್ದಾಯಿತು’. ‘ಹಿನ್ನೆಲೆ’ಯ ಗೊಡವೆ ಓದುಗರಿಗೇಕೆ? ಕೆಲಸ ಮುಂದೆ ನಡೆಯಿತೋ ಹಿಂದೆ ನಡೆಯಿತೋ, ಅವರಿಗೆ ಬೇಕಾದದ್ದು ಪಠ್ಯ.

*

ರದ್ದು ಅರಬ್ಬಿ. ಬಾಕಿ, ಜಾರಿ, ವಜಾ ಎಲ್ಲವೂ ಅಲ್ಲಿಯವೇ. ಕಚೇರಿ ಭಾಷೆಯ ಈ ಕಸವನ್ನು ಹೊಸ ತಾಣಕ್ಕೂ ತುಂಬಬೇಕೇ? ‘ಕೈಬಿಡು’ ಇದೆಯಲ್ಲ.

*

‘ಕೈಬಿಡು’ ಗುಂಡಿ ನೋಡಿದರೆ ದೇವರೇ ಕೈಬಿಟ್ಟಂತೆ ಅನ್ನಿಸುತ್ತದೆ. ಜಮೀನಿನ ಕಾಗದ ಹಿಡಿದು ತಾಲ್ಲೂಕು ಕಚೇರಿಗೆ ಹೋದವರಲ್ಲಿ ರದ್ದು, ಬಾಕಿ ಗೊತ್ತಿಲ್ಲದವರನ್ನು ಒಬ್ಬರನ್ನು ತೋರಿಸಿ.

*

ಎಲ್ಲರಿಗೂ ಕೃತಜ್ಞತೆಗಳು. ‘ನಿಮ್ಮ ಪುಸ್ತಕ ಸಾಲಿನಲ್ಲಿದೆ’, ‘ರದ್ದುಮಾಡು’, ‘ಮತ್ತೆ ಮಾಡು’ ಎಂದು ಒಪ್ಪಿಸಿಬಿಟ್ಟೆ. ‘ಹಿನ್ನೆಲೆ’ಯನ್ನು ತೆಗೆದೆ.

*

ಪುಸ್ತಕ ಸಂಸ್ಕೃತ. ‘ಹೊತ್ತಗೆ’ ಎನ್ನಬಹುದಿತ್ತು.

*

ಹೊತ್ತಗೆ ಆ ಪುಸ್ತಕದ್ದೇ ತದ್ಭವ, ಸ್ವಾಮಿ.