ಡಿಲೇ(10) ಕೊಟ್ರೂ ಲೂಪ್ 21 ಮಿಲಿಸೆಕೆಂಡ್ ತಗೊಳ್ತಿದೆ

ಮಿಣುಕುದೀಪ: ಆರ್ಡುಯಿನೊ ಉನೊ ಬೋರ್ಡ್ (ಕೋಡ್ ಹಾಕಿ ಓಡ್ಸೋ ಪುಟ್ಟ ಸರ್ಕ್ಯೂಟ್). ಲೂಪಲ್ಲಿ (ಮತ್ತೆ ಮತ್ತೆ ಓಡೋ ಭಾಗ) ಅನಲಾಗ್‌ರೀಡ್ (ಪಿನ್ನಿನ ವೋಲ್ಟೇಜ್ ಓದೋದು), ಪ್ರಿಂಟ್ (ಕಂಪ್ಯೂಟರಿಗೆ ಒಂದು ಸಾಲು ಕಳಿಸೋದು), ಡಿಲೇ(10) (10 ಮಿಲಿಸೆಕೆಂಡ್ ಕಾಯೋದು), ಅಷ್ಟೇ. ಮೊದಲ ಕೆಲವು ಸಾಲು 10 ಮಿಲಿಸೆಕೆಂಡಿಗೇ ಬರುತ್ತೆ, ಆಮೇಲೆ 19. ಸೆಕೆಂಡ್ ಕಳೆದ್ರೆ 20, ಹತ್ತು ಸೆಕೆಂಡಿಗೆ 21. ಬೋರ್ಡ್ ಬದಲಾಯಿಸಿದ್ರೂ ಅದೇ ಹಣೆಬರಹ. ತಲೆ ಕೆಟ್ಟುಹೋಗಿದೆ.

ತಂತಿರಾಯ: ಡಿಲೇ ತೆಗೀರಿ ಮೊದಲು. ಮಿಲಿಸ್ (ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅನ್ನೋ ಲೆಕ್ಕ) ನೋಡ್ಕೊಂಡು, ಹಿಂದಿನ_ಸಮಯದಿಂದ 10 ಕಳೆದಿದ್ರೆ ಮಾತ್ರ ಪ್ರಿಂಟ್ ಮಾಡಿ, ಆಮೇಲೆ ಹಿಂದಿನ_ಸಮಯ += 10 ಅಂತ ಬರೀರಿ. ಹಿಂದಿನ_ಸಮಯ = ಈಗ ಅಂತ ಬರೆದ್ರೆ ತಡ ಆಗಿದ್ದೆಲ್ಲ ಸೇರ್ತಾ ಹೋಗುತ್ತೆ.

ಮಿಣುಕುದೀಪ: ಹಾಕಿದೆ ಸಾರ್. 21ಕ್ಕೇ ನಿಂತಿದೆ.

ಕಿಲೋಓಮ್: ಉನೊದಲ್ಲಿ ಮುಖ್ಯ ಚಿಪ್‌ಗೆ ಗಡಿಯಾರವಾಗಿ ಇರೋದು ಸೆರಾಮಿಕ್ ರೆಸೊನೇಟರ್, ಅದಕ್ಕಿಂತ ನಿಖರವಾದ ಕ್ರಿಸ್ಟಲ್ ಅಲ್ಲ. ಟೈಮ್ ಎಲ್ಲಿ ಸರಿ ಬರುತ್ತೆ?

ತಂತಿರಾಯ: ಅದ್ರಿಂದ ಶೇಕಡಾ ಒಂದೂ ತಪ್ಪಲ್ಲ ಮಾರಾಯ್ರೆ, ಇಲ್ಲಿ ಎರಡರಷ್ಟಾಗಿದೆ! ಅನಲಾಗ್‌ರೀಡೇ ನಿಧಾನ ಇರ್ಬೇಕು.

ಕಿಲೋಓಮ್: ಅದು 0.1 ಮಿಲಿಸೆಕೆಂಡ್. ನಾನಂತೂ ಇಎಸ್‌ಪಿ32 ಅನ್ನೋ ಬೇರೆ ಚಿಪ್‌ಗೆ ಬಂದ್ಮೇಲೆ ಉನೊ ಮುಟ್ಟಿಲ್ಲ, ಸಿಗ್ನಲ್ ಅಳೆಯೋ ಲಾಜಿಕ್ ಅನಲೈಜರ್ ಯಾವಾಗ್ಲೂ ಮೇಜಿನ ಮೇಲೇ.

ಬಫರಪ್ಪ: ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಹೋಗುತ್ತೆ ಅನ್ನೋದು) ಎಷ್ಟು? ಒಂದು ಸಾಲು ಹೇಗಿದೆ?

ಮಿಣುಕುದೀಪ: 9600, ಎಲ್ಲರೂ ಇಡೋದು ಅದೇ ತಾನೇ? ಸಾಲು: ಟಿ=12345 ಡಿ=21 ವಿ=512. ಟಿ ಸಮಯ, ಡಿ ಹಿಂದಿನ ಸಾಲಿಂದ ಅಂತರ, ವಿ ಓದಿದ ಬೆಲೆ. ಕೋಡಲ್ಲಿ ಇಂಗ್ಲಿಷ್ ಅಕ್ಷರ.

ಬಫರಪ್ಪ: ಅಲ್ಲೇ ಇದೆ. ಸಾಲಿಗೆ 18 ಅಕ್ಷರ, ಪ್ರಿಂಟ್‌ಲೈನ್ ಕೊನೇಲಿ ಸೇರಿಸೋದು 2, ಒಟ್ಟು 20. 9600ರಲ್ಲಿ ಅಕ್ಷರಕ್ಕೆ 10 ಬಿಟ್, ಅಂದ್ರೆ 1.04 ಮಿಲಿಸೆಕೆಂಡ್. 20ಕ್ಕೆ 20.8. ಕಳಿಸೋ ಬಫರ್ (ಅಕ್ಷರಗಳು ಸರದಿ ಕಾಯೋ ಜಾಗ) 64 ಬೈಟ್, ಅಕ್ಷರಕ್ಕೆ ಒಂದು ಬೈಟ್. ಅದು ತುಂಬೋವರೆಗೆ ಪ್ರಿಂಟ್ ತಕ್ಷಣ ವಾಪಸ್ ಬರುತ್ತೆ, ತುಂಬಿದ ಮೇಲೆ ಜಾಗ ಆಗೋವರೆಗೆ ಲೂಪನ್ನೇ ಹಿಡಿದಿಡುತ್ತೆ. ಟಿಯಲ್ಲಿ ಅಂಕಿ ಒಂದು ಹೆಚ್ಚಿದ್ರೆ ಒಂದು ಮಿಲಿಸೆಕೆಂಡ್ ಹೆಚ್ಚು. 100 ಸೆಕೆಂಡ್ ಓಡ್ಸಿ, 22 ಆಗುತ್ತೆ. ಸೀರಿಯಲ್ ಬಿಗಿನ್ 115200 ಮಾಡಿ, ಕಂಪ್ಯೂಟರಲ್ಲಿ ಸಾಲು ಕಾಣೋ ಸೀರಿಯಲ್ ಮಾನಿಟರಲ್ಲೂ ಅದನ್ನೇ ಆರಿಸಿ. ಆಗ ಸಾಲಿಗೆ 1.7 ಮಿಲಿಸೆಕೆಂಡ್.

ಮಿಣುಕುದೀಪ: 22 ಆಯ್ತು! 115200ರಲ್ಲಿ ಈಗ 10. ನಡುವೆ ಒಮ್ಮೊಮ್ಮೆ 11, ಮುಂದಿನದು 9. ಆದ್ರೆ 32 ಸೆಕೆಂಡ್ ಆದ್ಮೇಲೆ ಹುಚ್ಚು ಹಿಡಿದಂಗೆ ಒಂದೆರಡು ಮಿಲಿಸೆಕೆಂಡಿಗೊಂದು ಸಾಲು.

ತಂತಿರಾಯ: ಹಿಂದಿನ_ಸಮಯ ಇಂಟ್ (ಉನೊದಲ್ಲಿ 16 ಬಿಟ್‌ನ ಚಿಕ್ಕ ಸಂಖ್ಯೆ) ಮಾಡಿದ್ದೀರಾ? 32767 ದಾಟಿದ್ರೆ ಋಣ ಸಂಖ್ಯೆ ಆಗುತ್ತೆ, ಆಮೇಲೆ ಷರತ್ತು ಯಾವಾಗ್ಲೂ ನಿಜವೇ. ಅನ್‌ಸೈನ್ಡ್ ಲಾಂಗ್ (ಋಣ ಇಲ್ಲದ ದೊಡ್ಡ ಸಂಖ್ಯೆ) ಹಾಕಿ.

ಬಫರಪ್ಪ: 9-11ರ ಆಟ ಮಿಲಿಸಿಂದು. ಟೈಮರ್ ತಿರುಗೋದು 1.024 ಮಿಲಿಸೆಕೆಂಡಿಗೊಮ್ಮೆ, ಆ ಕೊರತೆ ತುಂಬೋಕೆ ಎಣಿಕೆ ಆಗಾಗ ಎರಡು ಹಾರುತ್ತೆ. ಬೇಡ ಅಂದ್ರೆ ಮಿಲಿಸ್ ಬದಲು ಮೈಕ್ರೋಸ್ (ಮೈಕ್ರೋಸೆಕೆಂಡ್ ಲೆಕ್ಕ), 10ರ ಬದಲು 10000.

ಕಿಲೋಓಮ್: ಮೈಕ್ರೋಸ್ 71 ನಿಮಿಷಕ್ಕೆ ಸೊನ್ನೆಗೆ ಬರುತ್ತೆ, ಗೊತ್ತಲ್ಲ?

ಬಫರಪ್ಪ: ಬರ್ಲಿ. ಈಗ - ಹಿಂದಿನ_ಸಮಯ ಅಂತ ಕಳೆದ್ರೆ ಏನೂ ಆಗಲ್ಲ. ಹಿಂದಿನ_ಸಮಯಕ್ಕೆ 10000 ಕೂಡಿಸಿ ಈಗಿನದ್ರ ಜೊತೆ ಹೋಲಿಸಿದ್ರೆ ಮಾತ್ರ ಕೆಡುತ್ತೆ.

ಕಿಲೋಓಮ್: ಇಎಸ್‌ಪಿ32ರಲ್ಲಿ 64 ಬಿಟ್ ಟೈಮರ್ ಇದೆ, ಹೀಗೆ ಬೇಗ ಸೊನ್ನೆಗೆ ಬರಲ್ಲ ಅಂತಷ್ಟೇ ಹೇಳ್ದೆ.