ರಸ್ತೆ, ಸೇತುವೆಗಳ ‘ಫಟೀಗ್’ಗೆ ‘ದಣಿವು’ ಹೊಂದುತ್ತದೆಯೇ?

ಮಾನ್ಯರೇ,

ಹೆದ್ದಾರಿ ಸಾಮಗ್ರಿಗಳ ಸಂಶೋಧನೆಯ ಕುರಿತ ಬರಹವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮತ್ತೆ ಮತ್ತೆ ಬೀಳುವ ಭಾರಕ್ಕೆ ಸಾಮಗ್ರಿ ಒಳಗೊಳಗೇ ಬಿರುಕುಬಿಡುವುದನ್ನು ಹೇಳುವ, ಅದರಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ‘ಫಟೀಗ್’ (fatigue) ಎಂಬ ಇಂಗ್ಲಿಷ್ ಪದಕ್ಕೆ ‘ದಣಿವು’, ‘ಬಳಲಿಕೆ’, ‘ಆಯಾಸ’ಗಳಲ್ಲಿ ಯಾವುದನ್ನು ಇಟ್ಟರೂ, ಸುಧಾರಿಸಿಕೊಂಡರೆ ಸರಿಹೋದೀತು ಎಂಬ ಅರ್ಥ ಅದರ ಬೆನ್ನಿಗೇ ಬರುತ್ತದೆ.

ಉಕ್ಕಿಗೆ ಆ ಭಾಗ್ಯವಿಲ್ಲ. ಪ್ರತಿಯೊಂದು ಲಾರಿ ಹಾದುಹೋದಾಗಲೂ ಸೇತುವೆಯ ತೊಲೆಯಲ್ಲಿ ಎಳೆತ ಏರಿ ಇಳಿಯುತ್ತದೆ. ಅದು ಉಕ್ಕು ತಾಳಬಲ್ಲ ಮಿತಿಗಿಂತ ಎಷ್ಟೋ ಕೆಳಗಿದ್ದರೂ, ಲಕ್ಷಾಂತರ ಸಲ ಮರುಕಳಿಸಿದಾಗ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಬಹುದು. ಸಂಚಾರ ನಿಂತ ಮಾತ್ರಕ್ಕೆ ಅದು ಕೂಡಿಕೊಳ್ಳುವುದಿಲ್ಲ, ಮತ್ತೆ ಆರಂಭವಾದಾಗ ಬಿಟ್ಟಲ್ಲಿಂದಲೇ ಬೆಳೆಯುತ್ತದೆ. 1994ರ ಅಕ್ಟೋಬರ್ 21ರಂದು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಸೊಂಗ್ಸು ಸೇತುವೆಯ ಒಂದು ಭಾಗ ಕುಸಿದು 32 ಮಂದಿ ಸತ್ತದ್ದಕ್ಕೆ ಕಳಪೆ ಬೆಸುಗೆಯಲ್ಲಿ ಬೆಳೆದ ಇಂಥ ಬಿರುಕೇ ಕಾರಣ. ಸ್ಟ್ರೈನ್ ಗೇಜ್ (ಉಕ್ಕು ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಸಾಧನ) ಅಂಟಿಸಿ ಸೇತುವೆಯ ಮೇಲೆ ನಿಗಾ ಇಡುವವರು ಗರಿಷ್ಠ ಎಳೆತವನ್ನಷ್ಟೇ ನೋಡದೆ, ಎಷ್ಟು ಏರಿಳಿತಗಳಾದವು, ಒಂದೊಂದೂ ಎಷ್ಟು ದೊಡ್ಡದು ಎಂಬ ಲೆಕ್ಕವಿಡುವುದೂ ಇದಕ್ಕಾಗಿಯೇ.

ಡಾಂಬರಿನ ಪಾಡು ಬೇರೆ. ಡಾಂಬರು ಮಿಶ್ರಣದ ತುಂಡೊಂದನ್ನು ಪ್ರಯೋಗಾಲಯದಲ್ಲಿ ಒಂದೇ ಸಮನೆ ಬಗ್ಗಿಸುವುದಕ್ಕಿಂತ ನಡುನಡುವೆ ಬಿಡುವು ಕೊಟ್ಟು ಬಗ್ಗಿಸಿದರೆ ಅದು ಹೆಚ್ಚು ಬಾಳಿಕೆ ಬರುತ್ತದೆ. ಮಿಶ್ರಣದಲ್ಲಿ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟಾದ ಬಿಟುಮೆನ್, ಬೆಚ್ಚಗಿದ್ದಾಗ ಸೂಕ್ಷ್ಮ ಬಿರುಕುಗಳನ್ನು ತಾನೇ ಒಂದಿಷ್ಟು ಮುಚ್ಚಿಕೊಳ್ಳುತ್ತದೆ. ಇಲ್ಲಿ ‘ದಣಿವು’ ಚೆನ್ನಾಗಿಯೇ ಒಪ್ಪುತ್ತದೆ. ಹಾಗೆಂದು ಉಕ್ಕಿಗೊಂದು, ಡಾಂಬರಿಗೊಂದು ಪದ ಬಳಸುವಂತಿಲ್ಲ, ಏಕೆಂದರೆ ಒಂದೇ ಪರೀಕ್ಷೆಯಲ್ಲಿ ಎರಡೂ ಬರುತ್ತವೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘದ (ಆಶೋ, AASHO) ಹೆಸರಿನಲ್ಲಿ ನಡೆದ ರಸ್ತೆ ಪರೀಕ್ಷೆಯಲ್ಲಿ ರಸ್ತೆಯ ಹಾಸುಗಳ ಜೊತೆಗೆ ಸೇತುವೆಗಳ ಮೇಲೂ ಲಾರಿಗಳನ್ನು ಓಡಿಸಲಾಗಿತ್ತು.

‘ಸವೆತ’ವನ್ನು ನಾನು ಒಪ್ಪಲಾರೆ, ಅದು ಟೈರು ಉಜ್ಜಿ ಮೇಲ್ಮೈ ಕಳೆದುಹೋಗುವ ಸಂಗತಿ, ಇದು ಒಳಗಿನ ಬಿರುಕು. ನನ್ನ ಒಲವು ‘ನಲುಗು’ ಎಂಬುದರತ್ತ ಇದೆ. ಮತ್ತೆ ಮತ್ತೆ ಬಿದ್ದ ಭಾರಕ್ಕೆ ಸೊರಗುವ ಅರ್ಥ ಅದರಲ್ಲಿದೆ, ಬಿಡುವು ಸಿಕ್ಕರೆ ಸರಿಹೋಗುವ ಭರವಸೆ ಇಲ್ಲ. ಆದರೆ ಪತ್ರಿಕೆಗಳಲ್ಲಿ ‘ಪ್ರವಾಹಕ್ಕೆ ನಲುಗಿದ ಸೇತುವೆ’ ಎಂಬಂತೆ ಒಂದೇ ಏಟಿನ ಹಾನಿಗೂ ಅದು ಬಳಕೆಯಾಗುತ್ತಿರುವುದರಿಂದ, ‘ನಲುಗು ಬಿರುಕು’ ಎಂದು ಬರೆದರೆ ಓದುಗರಿಗೆ ಯಾವ ಅರ್ಥ ಹೊಳೆಯುತ್ತದೆ ಎಂಬುದನ್ನು, ವಿಶೇಷವಾಗಿ ಸಿವಿಲ್ ಎಂಜಿನಿಯರಿಂಗ್ ಬಲ್ಲವರು, ತಿಳಿಸಬೇಕಾಗಿ ಕೋರುತ್ತೇನೆ.