ಬ್ರಿಟನ್ನಿನ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರಿನ ಮುಂದಿನ ಮಡ್‌ಗಾರ್ಡ್, ಬಾನೆಟ್: ಬಾಡಿ ಕೆಲಸದವರಿಗೆ ನಮ್ಮ ಪ್ರಶ್ನೆಗಳು

ಲೀಡ್ಸ್ ಸದಸ್ಯರು: ನಮಸ್ಕಾರ ಸರ್. ನನ್ನದು 1972ರ ಎಂಜಿಬಿ ರೋಡ್‌ಸ್ಟರ್. ಎಡಗಡೆಯ ಮುಂದಿನ ಮಡ್‌ಗಾರ್ಡ್ ಬಾಗಿಲಿನ ಪಕ್ಕ, ತಳಭಾಗದಲ್ಲಿ ತುಕ್ಕು ಹಿಡಿದು ತೂತಾದ್ದರಿಂದ ಕಡಿಮೆ ಬೆಲೆಯ ಹೊಸದೊಂದನ್ನು ತರಿಸಿದೆ. ಬೋಲ್ಟ್ ಹಾಕಿ ನೋಡಿದರೆ ಬಾಗಿಲಿನ ಸಂದು ಕೆಳಗೆ ಸರಿಯಾಗಿದೆ, ಮೇಲೆ ಮಾತ್ರ ತಾಗುವಷ್ಟು ಕಿರಿದಾಗಿದೆ. ಅಂಚನ್ನು ಗ್ರೈಂಡ್ ಮಾಡಿಸಲೇ, ಅಥವಾ ಮೂಲ ಅಚ್ಚಿನಲ್ಲಿ ಪ್ಯಾನೆಲ್ ತಯಾರಿಸುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಕಂಪನಿಯದನ್ನು ಕೊಳ್ಳಲೇ? ಮುಂದಿನ ವಾರ ಬಣ್ಣಕ್ಕೆ ಕೊಡುವುದಿದೆ.

ಬಾಡಿ ಕೆಲಸದವರು: ಅಂಚಿಗೆ ಗ್ರೈಂಡರ್ ತಾಗಿಸಬೇಡಿ, ಬೇರೊಂದನ್ನು ಈಗಲೇ ಕೊಳ್ಳಲೂ ಬೇಡಿ. ನನ್ನ ಅನುಮಾನ ಮಡ್‌ಗಾರ್ಡಿಗಿಂತ ಅದರ ಹಿಂದೆ ಮರೆಯಾಗಿರುವ ಸಿಲ್‌ನ (ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ ಉಕ್ಕಿನ ಪೊಳ್ಳು ತೊಲೆ) ಮೇಲಿದೆ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ರೋಡ್‌ಸ್ಟರ್‌ಗೆ ಮೇಲ್ಛಾವಣಿಯೂ ಇಲ್ಲದ ಕಾರಣ, ಕಾರು ನಡುವೆ ಬಾಗದಂತೆ ಹಿಡಿದಿಡುವ ಭಾರದ ಬಹುಪಾಲು ಬಾಗಿಲ ಕೆಳಗಿನ ಸಿಲ್‌ಗಳ ಮೇಲೆಯೇ ಬೀಳುತ್ತದೆ. ಮುಂದಿನ ಚಕ್ರ ಎರಚುವ ಕೆಸರು ಮಡ್‌ಗಾರ್ಡಿನ ಹಿಂಬದಿಯ ಪೊಳ್ಳಿನಲ್ಲಿ ಸೇರಿಕೊಂಡು, ಇಲ್ಲಿಯ ಚಳಿಗಾಲದ ರಸ್ತೆಯುಪ್ಪಿನೊಡನೆ ವರ್ಷಗಟ್ಟಲೆ ಒದ್ದೆಯಾಗಿಯೇ ಉಳಿದು, ಮಡ್‌ಗಾರ್ಡಿನ ತಳವನ್ನೂ ಅದರೊಳಗೆ ಚಾಚಿರುವ ಸಿಲ್‌ನ ತುದಿಯನ್ನೂ ಒಟ್ಟಿಗೇ ತಿನ್ನುತ್ತದೆ. ನಿಮಗೆ ಕಂಡದ್ದು ಹೊರಗಿನ ತೂತು ಮಾತ್ರ. ಸಿಲ್ ಸೋತರೆ ಕಾರು ನಡುವೆ ಕುಸಿದು ಬಾಗಿಲ ಸಂದು ಮೇಲ್ಗಡೆ ಮುಚ್ಚಿಕೊಳ್ಳುತ್ತದೆ. ಮೇಲಿನ ಹಿಂಜ್ ಸವೆದಿದ್ದರೆ ಆ ಸಂದು ಅಗಲವಾಗುತ್ತಿತ್ತೇ ಹೊರತು ಕಿರಿದಾಗುತ್ತಿರಲಿಲ್ಲ.

ಕಾರು ಸಮನೆಲದಲ್ಲಿ ನಿಂತಿರುವಾಗ ಸಂದನ್ನು ಮೇಲೆ ಮತ್ತು ಕೆಳಗೆ ಅಳೆದು ಬರೆದಿಡಿ. ಬಳಿಕ ಮುಂದಿನ ಕ್ರಾಸ್‌ಮೆಂಬರ್ (ಮುಂಚಕ್ರಗಳ ನಡುವಿನ ಅಡ್ಡ ತೊಲೆ) ಅಡಿಗೆ ಜ್ಯಾಕ್ ಕೊಟ್ಟು ಸ್ವಲ್ಪವೇ ಎತ್ತಿ ಮತ್ತೆ ಅಳೆಯಿರಿ. ಸಿಲ್‌ಗೆ ಜ್ಯಾಕ್ ಕೊಡಬೇಡಿ, ಅದು ಒಳಕ್ಕೆ ಕುಸಿಯಬಹುದು. ಸಂದು ಬದಲಾದರೆ ಅಥವಾ ಬಾಗಿಲು ಬಿಗಿಯಾದರೆ ಮಡ್‌ಗಾರ್ಡಿನ ಮಾತನ್ನು ಬದಿಗಿಟ್ಟು ನನಗೆ ತಿಳಿಸಿ.

ರೆಡಿಂಗ್ ಸದಸ್ಯರು: ಇಷ್ಟೆಲ್ಲ ಏಕೆ? ಫೈಬರ್‌ಗ್ಲಾಸ್ ಮಡ್‌ಗಾರ್ಡ್ ಹಾಕಿಸಿ. ಹಗುರ, ತುಕ್ಕೂ ಹಿಡಿಯುವುದಿಲ್ಲ.

ಬ್ರಿಸ್ಟಲ್ ಸದಸ್ಯರು: ಎಂಜಿಯ ಅಬಿಂಗ್ಡನ್ ಕಾರ್ಖಾನೆಯಿಂದ ಉಕ್ಕಿನ ಮಡ್‌ಗಾರ್ಡಿನೊಡನೆ ಹೊರಬಂದ ಕಾರಿಗೆ ಫೈಬರ್ ಹಾಕುವುದಾದರೆ ಹಳೆಯ ಕಾರನ್ನು ಇಟ್ಟುಕೊಳ್ಳುವುದಾದರೂ ಏಕೆ?

ರೆಡಿಂಗ್ ಸದಸ್ಯರು: ಮೊದಲ ವರ್ಷಗಳ ಎಂಜಿಬಿ ಬಾನೆಟ್ ಅಲ್ಯೂಮಿನಿಯಂನದು, ಉಕ್ಕು ಬಂದದ್ದು ಆಮೇಲೆ. ಕಾರ್ಖಾನೆಯೇ ಲೋಹ ಬದಲಿಸಿದ ಮೇಲೆ ತಮ್ಮ ಆಕ್ಷೇಪಕ್ಕೆ ಆಧಾರವೇನು?

ಬಾಡಿ ಕೆಲಸದವರು: ಫೈಬರ್‌ಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಅದರ ಹಿಂದಿನ ಉಕ್ಕಿಗೆ ಹಿಡಿಯುತ್ತದೆ. ಕೆಸರು ಅಲ್ಲಿಯೂ ನಿಲ್ಲುತ್ತದೆ. ರೇಸಿಗೆ ಹಾಕಿಕೊಳ್ಳಿ.

ಗ್ಲಾಸ್ಗೋ ಸದಸ್ಯರು: ಸರ್, 1977ರ ಕಾರಿನ ಮಡ್‌ಗಾರ್ಡ್ ನನ್ನ 1970ರ ಕಾರಿಗೆ ಹೊಂದುತ್ತದೆಯೇ?

ಬಾಡಿ ಕೆಲಸದವರು: ಇಲ್ಲ. 1974ರ ಕೊನೆಯಿಂದ ರಬ್ಬರ್ ಬಂಪರ್ ಬಂತು, ಇಂಡಿಕೇಟರ್ ಬಂಪರಿಗೆ ಹೋಯಿತು, ಮುಂಭಾಗದ ಆಕಾರ ಬೇರೆಯಾಯಿತು.

ಲೆಸ್ಟರ್ ಸದಸ್ಯರು: ಫಾರ್ವರ್ಡ್ ಬಂದದ್ದು: “ಜಿಂಕ್ ಲೇಪನದ ಪ್ಯಾನೆಲ್ ವೆಲ್ಡ್ ಮಾಡುವ ಮುನ್ನ ಒಂದು ಲೋಟ ಹಾಲು ಕುಡಿದರೆ ಹೊಗೆಯ ವಿಷ ತಟ್ಟುವುದಿಲ್ಲ. ತುಕ್ಕಿಗೆ ನಿಂಬೆರಸ, ಉಪ್ಪು ಹಚ್ಚಿ ರಾತ್ರಿಯಿಡೀ ಬಿಡಿ.” ಎಲ್ಲರಿಗೂ ಉಪಯೋಗವಾಗಲಿ.

ಬಾಡಿ ಕೆಲಸದವರು: ದಯವಿಟ್ಟು ಇದನ್ನು ಅಳಿಸಿ. ಹಾಲು ಹೊಟ್ಟೆಗೆ ಹೋಗುತ್ತದೆ, ಜಿಂಕ್ ಹೊಗೆ ಶ್ವಾಸಕೋಶಕ್ಕೆ ಹೋಗಿ ಜ್ವರ, ಚಳಿ, ಎದೆಬಿಗಿತ ತರುತ್ತದೆ. ವೆಲ್ಡ್ ಮಾಡುವ ಜಾಗದ ಲೇಪನವನ್ನು ಮೊದಲು ತೆಗೆಯಬೇಕು, ಹೊಗೆ ಹೊರಹೋಗಬೇಕು, ಸರಿಯಾದ ಮಾಸ್ಕ್ ಇರಬೇಕು. ಉಪ್ಪು ಬೆರೆಸಿದ ನಿಂಬೆರಸ ಎರಡು ತಗಡುಗಳ ನಡುವಿನ ಸಂದಿಗೆ ಇಳಿದರೆ ಅದನ್ನು ಪೂರ್ತಿಯಾಗಿ ತೊಳೆಯಲಾಗುವುದಿಲ್ಲ. ಬಣ್ಣದ ಒಳಗಿನಿಂದಲೇ ತುಕ್ಕು ಮತ್ತೆ ಏಳುತ್ತದೆ. ಮನೆಯ ಗ್ಯಾರೇಜಿನಲ್ಲಿ ಎರಡು ಭಾಗದ ಬಣ್ಣ (ಗಟ್ಟಿಗೊಳಿಸುವ ಹಾರ್ಡ್‌ನರ್ ಬೆರೆಸುವಂಥದ್ದು) ಸಿಂಪಡಿಸುವವರಿಗೂ ಹೇಳುತ್ತೇನೆ: ಅದರ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಅಸ್ತಮಾ ತರುತ್ತದೆ, ಹೊರಗಿನಿಂದ ಗಾಳಿ ಪೂರೈಸುವ ಮಾಸ್ಕ್ ಇಲ್ಲದೆ ಅದನ್ನು ಮುಟ್ಟಬೇಡಿ.

ಲೆಸ್ಟರ್ ಸದಸ್ಯರು: ಒಳ್ಳೆಯ ಉದ್ದೇಶದಿಂದ ಹಾಕಿದ್ದೆ. ಇಷ್ಟು ಕಠಿಣವಾಗಿ ಹೇಳಬೇಕಿರಲಿಲ್ಲ.

ಬೆಂಗಳೂರು ಸದಸ್ಯರು: ಭಾರತದ 2021ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು ಚಾಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗಿರಬಾರದು. ಬೋಲ್ಟಿನ ಮಡ್‌ಗಾರ್ಡ್ ಬದಲಿಸಿದರೆ ಅಧಿಕಾರಿಗಳು ಅದನ್ನು ಮಾರ್ಪಾಡೆಂದು ಎಣಿಸುತ್ತಾರೆಯೇ?

ಗ್ಲಾಸ್ಗೋ ಸದಸ್ಯರು: ಇಂಡಿಕೇಟರಿಗೆ ತೂತು ಕೊರೆದರೆ 1977ರದು ಹೊಂದುವುದಿಲ್ಲವೇ ಸರ್?

ಬಾಡಿ ಕೆಲಸದವರು: ಮೇಲೆ ಓದಿ.

ಲೀಡ್ಸ್ ಸದಸ್ಯರು: ಸರ್, ಕಾರನ್ನು ಎತ್ತಿದಾಗ ಸಂದು ಬದಲಾಯಿತು, ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ.

ರೆಡಿಂಗ್ ಸದಸ್ಯರು: 40 ವರ್ಷ ದಾಟಿದ ಕಾರಿಗೆ ಎಂಒಟಿ, ಅಂದರೆ ಬ್ರಿಟನ್ನಿನ ವಾರ್ಷಿಕ ಸುರಕ್ಷತಾ ಪರೀಕ್ಷೆ, ಬೇಕಿಲ್ಲ. ಗಾಬರಿಯಾಗದೆ ಈ ಬೇಸಿಗೆ ಓಡಿಸಿ, ಮುಂದೆ ನೋಡಿಕೊಳ್ಳಿ.

ಬಾಡಿ ಕೆಲಸದವರು: ವಿನಾಯಿತಿ ಇರುವುದು ಪರೀಕ್ಷೆಗೆ, ಕಾರನ್ನು ಸುರಕ್ಷಿತವಾಗಿಡುವ ಹೊಣೆಗೆ ಯಾವ ವಿನಾಯಿತಿಯೂ ಇಲ್ಲ. ರೆಡಿಂಗ್‌ನವರು ಇಂಥ ಸಲಹೆ ಕೊಡಬಾರದು. ಲೀಡ್ಸ್‌ನವರೇ, ಕಾರನ್ನು ಓಡಿಸಬೇಡಿ, ಬಣ್ಣದ ಬುಕಿಂಗ್ ರದ್ದುಮಾಡಿ, ಟ್ರೈಲರ್ ಮೇಲೆಯೇ ವರ್ಕ್‌ಶಾಪಿಗೆ ಸಾಗಿಸಿ. ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬಿಗಿದು, ಭಾರವನ್ನು ಮುಂದೆ ಕ್ರಾಸ್‌ಮೆಂಬರ್, ಹಿಂದೆ ಆಕ್ಸಲ್ ಮೇಲೆ ಸಮವಾಗಿ ನಿಲ್ಲಿಸಿ, ಒಂದು ಪಕ್ಕ ಮುಗಿದ ಮೇಲೆಯೇ ಇನ್ನೊಂದನ್ನು ಮುಟ್ಟಲು ಹೇಳಿ. ಆಮೇಲೆ ಬಾಗಿಲನ್ನು ಹಿಂದಿನ ಮಡ್‌ಗಾರ್ಡಿಗೆ, ಮುಂದಿನ ಮಡ್‌ಗಾರ್ಡನ್ನು ಬಾಗಿಲಿಗೆ, ಕೊನೆಗೆ ಬಾನೆಟ್ಟನ್ನು ಹೊಂದಿಸಬೇಕು. ಹೆರಿಟೇಜ್‌ನವರು ಮೂಲ ಅಚ್ಚುಗಳನ್ನು ಬಳಸುವುದರಿಂದ ನಾನು ಅವರ ಮಡ್‌ಗಾರ್ಡನ್ನೇ ಆರಿಸುತ್ತೇನೆ. ಅಗ್ಗದ ಪ್ರತಿಗಳಲ್ಲಿ ಬದಿಯ ಗೆರೆ ಬಾಗಿಲಿನ ಗೆರೆಗೆ ಕೂಡದಿರುವುದನ್ನೂ ಹೆಡ್‌ಲೈಟಿನ ಬಾಯಿ ಸೊಟ್ಟಗಿರುವುದನ್ನೂ ಕಂಡಿದ್ದೇನೆ. ಆದರೂ ನಿಮ್ಮದನ್ನು ಸಿಲ್ ಕೆಲಸವಾದ ಮೇಲೆ, ಬಣ್ಣ ಹಚ್ಚುವ ಮುನ್ನ, ಒಮ್ಮೆ ಕೂರಿಸಿ ನೋಡಿ.

ಬ್ರಿಸ್ಟಲ್ ಸದಸ್ಯರು: ರೆಡಿಂಗ್‌ನವರು ಈಗಲಾದರೂ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿ.

ರೆಡಿಂಗ್ ಸದಸ್ಯರು: ನಾನು ಫೈಬರ್ ಬಗ್ಗೆ ಹೇಳಿದ್ದರಲ್ಲಿ ತಪ್ಪಿಲ್ಲ, ತಮ್ಮ ಅಪ್ಪಣೆಯೂ ನನಗೆ ಬೇಕಿಲ್ಲ.

ಲೀಡ್ಸ್ ಸದಸ್ಯರು: ಬಣ್ಣದವರಿಗೆ ಬೇಡವೆಂದು ಹೇಳಿದೆ ಸರ್. ಶನಿವಾರ ಟ್ರೈಲರ್ ಬರುತ್ತದೆ.